ಮುತ್ತಿಗೆ ಮಾರ್ಕ್ಸ್ ಕೊಡೋರು ಯಾರು?

ಇವತ್ತಿನ ವಿಷಯ ಮುತ್ತು. ಕೆನ್ನೆಗೆ ಕೊಡೋ ಮುತ್ತಲ್ಲ, ಕೊರಳಿಗೆ ಹಾಕೋ ಮುತ್ತು.

ಈ ಸಂಚಿಕೆ ಹುಟ್ಟಿದ್ದು ಒಂದು ಫೋನ್ ಕರೆಯಿಂದ. ಕರೆ ಮಾಡಿದವರು ನ್ಯೂಜೆರ್ಸಿಯ ಎಡಿಸನ್ ಹತ್ತಿರ ಇರೋ ಕೇಳುಗರೊಬ್ಬರು, ಊರು ಕಲಬುರಗಿ. ಹೋದ ವರ್ಷ ಅವರ ತಾಯಿ ತೀರಿಕೊಂಡರು. ತಾಯಿಯ ಒಡವೆಗಳಲ್ಲಿ ಇವರ ಪಾಲಿಗೆ ಬಂದದ್ದು ಮೂರೆಳೆಯ ಒಂದು ಮುತ್ತಿನ ಸರ. ಅದು ಅಜ್ಜಿಯಿಂದ ತಾಯಿಗೆ ಬಂದಿದ್ದಂತೆ. ಕಲಬುರಗಿ ಇನ್ನೂ ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ ಹೈದರಾಬಾದಿಗೆ ಹೋಗಿ ಕೊಂಡದ್ದು ಅಂತ ಮನೆಯಲ್ಲಿ ಹೇಳೋರು. ಮುತ್ತುಗಳು ಸಣ್ಣವು. ಒಂದರ ಹಾಗೆ ಇನ್ನೊಂದಿಲ್ಲ. ಬಣ್ಣ ಕೂಡ ಬೆಳ್ಳಗಿಲ್ಲ, ಕಾದ ಹಾಲಿನ ಕೆನೆಯ ಹಾಗೆ ತುಸು ಹಳದಿ.

ಮಗಳ ಮದುವೆ ಹತ್ತಿರ ಬಂದಿದೆ. ಹೊಸ ಸರ ನೋಡೋಣ ಅಂತ ಒಂದು ಅಂಗಡಿಗೆ ಹೋದರು. ಅಲ್ಲಿ ಬೆಳ್ಳಗೆ, ದುಂಡಗೆ, ಫಳಫಳ ಹೊಳೆಯೋ ಸರ ತೋರಿಸಿದರು. ಚೀಟಿಯ ಮೇಲೆ ‘ಎಎಎ’ ಅಂತ ಬರೆದಿತ್ತು. ಇವರ ಕೊರಳಲ್ಲಿದ್ದ ಹಳೇ ಸರ ನೋಡಿ ಅಂಗಡಿಯವರು, ‘ಇದು ಬಿ ಗ್ರೇಡ್ ಕೂಡ ಆಗಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಟರೆ ಹೊಸದರಲ್ಲಿ ನೂರು ಡಾಲರ್ ಕಡಿಮೆ ಮಾಡ್ತೀವಿ’ ಅಂದರಂತೆ. ಇವರು ಒಂದು ವಾರ ಟೈಮ್ ಕೇಳಿ ಮನೆಗೆ ಬಂದರು. ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: ‘ಸರ ನಮ್ಮ ಅವ್ವಂದು ರೀ. ಆದ್ರ ಪೆಟ್ಟಿಗ್ಯಾಗ ಇಟ್ಕೊಂಡು ಏನ್ ಮಾಡೂದು? ಕೊಡ್ಲೋ ಬ್ಯಾಡೋ, ನೀವಾ ಹೇಳ್ರಿ.’

ನಾನೇನೂ ಒಡವೆ ವ್ಯಾಪಾರ ಬಲ್ಲವನಲ್ಲ. ಆದರೆ ಅವರ ಪ್ರಶ್ನೆಯ ಒಳಗೆ ವಿಜ್ಞಾನದ ಪ್ರಶ್ನೆಯೊಂದು ಕೂತಿದೆ. ‘ಎಎಎ’ ಅನ್ನೋದು ಅಳತೆಯೋ, ಅಭಿಪ್ರಾಯವೋ? ಅಳತೆ ಅಂದರೆ ಯಾರು ಅಳೆದರೂ ಹೆಚ್ಚುಕಡಿಮೆ ಒಂದೇ ಉತ್ತರ ಬರಬೇಕು. ಎಡಿಸನ್ನಿನಲ್ಲಿ ಒಂದು ಕಿಲೋ ಅಕ್ಕಿ ಕಲಬುರಗಿಯಲ್ಲೂ ಒಂದು ಕಿಲೋನೇ. ಆದರೆ ಅದೇ ಅಕ್ಕಿ ಮೂಟೆಯ ಮೇಲೆ ‘ಫಸ್ಟ್ ಕ್ವಾಲಿಟಿ’ ಅಂತ ಬರೆದಿದ್ದರೆ? ಅದನ್ನು ಬರೆದವರು ಯಾರು ಅಂತ ನಾವು ಕೇಳ್ತೀವಿ, ಅಲ್ವಾ? ಮುತ್ತಿನ ವಿಷಯದಲ್ಲೂ ಅದನ್ನೇ ಕೇಳೋಣ.

ಸ್ವಾತಿ ಮಳೆಯ ಹನಿಯಲ್ಲ

ಮೊದಲು ಮುತ್ತು ಅಂದರೆ ಏನು ಅಂತ ನೋಡೋಣ. ಸ್ವಾತಿ ಮಳೆಯ ಹನಿ ಸಿಂಪಿಯ ಬಾಯಿಗೆ ಬಿದ್ದರೆ ಮುತ್ತಾಗತ್ತೆ ಅಂತ ನಾವೆಲ್ಲ ಕೇಳಿ ಬೆಳೆದವರು. ಮರಳಿನ ಕಣ ಹೊಕ್ಕು ಮುತ್ತಾಗತ್ತೆ ಅಂತ ಶಾಲೆಯಲ್ಲೂ ಕೇಳಿರ್ತೀವಿ. ಸಿಂಪಿಗಳು ಬದುಕೋದೇ ಮರಳು, ಕೆಸರಿನ ನಡುವೆ. ಮರಳು ಒಳಗೆ ಬಂದರೆ ಹೊರಗೆ ತಳ್ಳೋದು ಅವಕ್ಕೆ ಚೆನ್ನಾಗಿ ಗೊತ್ತು. ಸಾಮಾನ್ಯವಾಗಿ ಮುತ್ತು ಶುರುವಾಗೋದು ಪರೋಪಜೀವಿಯೊಂದು ಒಳಹೊಕ್ಕಾಗ ಅಥವಾ ಒಳಗಿನ ಮೆತ್ತನೆಯ ಅಂಗಾಂಶಕ್ಕೆ ಗಾಯವಾದಾಗ. ಚಿಪ್ಪನ್ನು ಕಟ್ಟೋ ಜೀವಕೋಶಗಳು ತಮ್ಮ ಜಾಗ ಬಿಟ್ಟು ಒಳಗೆ ಸೇರಿಕೊಂಡು, ಸಣ್ಣ ಚೀಲದ ಹಾಗೆ ಸುತ್ತುವರಿದು, ಚಿಪ್ಪಿನ ಒಳಮೈಗೆ ಬಳಿಯೋ ಅದೇ ವಸ್ತುವನ್ನು ಪದರ ಪದರವಾಗಿ ಬಳಿಯುತ್ತಾ ಹೋಗ್ತವೆ. ಆ ವಸ್ತುವಿನ ಹೆಸರು ನೇಕರ್. ಮುತ್ತಿನ ಪದರ ಅಂತ ಕರೆಯೋಣ.

ಈ ಪದರದಲ್ಲಿರೋದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣದ ಕಲ್ಲಿನಲ್ಲಿ, ಮೊಟ್ಟೆಯ ಸಿಪ್ಪೆಯಲ್ಲಿ ಇರೋದೂ ಅದೇ. ಹಾಗಾದರೆ ಮೊಟ್ಟೆ ಸಿಪ್ಪೆ ಯಾಕೆ ಮುತ್ತಿನ ಹಾಗೆ ಹೊಳೆಯಲ್ಲ? ವ್ಯತ್ಯಾಸ ಇರೋದು ಜೋಡಣೆಯಲ್ಲಿ. ಮುತ್ತಿನೊಳಗೆ ಅರಾಗೊನೈಟ್ ಅನ್ನೋ ಹರಳಿನ ಚಪ್ಪಟೆ ಬಿಲ್ಲೆಗಳು ಗೋಡೆಯ ಇಟ್ಟಿಗೆಗಳ ಹಾಗೆ ಕೂತಿರ್ತವೆ. ನಡುವೆ ಗಾರೆಯ ಹಾಗೆ ತೆಳ್ಳನೆಯ ಪ್ರೋಟೀನು. ಒಂದೊಂದು ಬಿಲ್ಲೆಯ ದಪ್ಪ ಸುಮಾರು ಅರ್ಧ ಮೈಕ್ರೋಮೀಟರ್. ಒಂದು ತಲೆಕೂದಲಿನ ದಪ್ಪದಲ್ಲಿ ಇಂಥ ನೂರು ಪದರ ಕೂರಿಸಬಹುದು.

ಈ ಅರ್ಧ ಮೈಕ್ರೋಮೀಟರ್‌ನಲ್ಲೇ ಗುಟ್ಟಿರೋದು. ಕಣ್ಣಿಗೆ ಕಾಣೋ ಬೆಳಕಿನ ತರಂಗಾಂತರವೂ ಹೆಚ್ಚುಕಡಿಮೆ ಅಷ್ಟೇ, 0.4ರಿಂದ 0.7 ಮೈಕ್ರೋಮೀಟರ್. ಬೆಳಕು ಮುತ್ತಿನ ಮೇಲೆ ಬಿದ್ದಾಗ ಸ್ವಲ್ಪ ಮೇಲಿನ ಪದರದಿಂದಲೇ ತಿರುಗತ್ತೆ, ಸ್ವಲ್ಪ ಒಳಗೆ ಇಳಿದು ಎರಡನೇ ಪದರದಿಂದ, ಮೂರನೇ ಪದರದಿಂದ ವಾಪಸ್ ಬರತ್ತೆ. ಹೀಗೆ ವಾಪಸ್ ಬಂದ ಬೆಳಕುಗಳು ಒಂದನ್ನೊಂದು ಕೂಡಿಕೊಳ್ತವೆ, ಕೆಲವು ಕಡೆ ಕಳೆದುಕೊಳ್ತವೆ. ಮಳೆ ಬಂದ ರಸ್ತೆಯ ಮೇಲೆ ಎಣ್ಣೆ ಬಿದ್ದಾಗ ಕಾಣೋ ಬಣ್ಣ, ಸೋಪಿನ ಗುಳ್ಳೆಯ ಬಣ್ಣ, ಎಲ್ಲಾ ಇದೇ ಆಟ. ಮುತ್ತನ್ನು ನೋಡಿದಾಗ ಬೆಳಕು ಒಳಗಿನಿಂದ ಬರ್ತಾ ಇದೆ ಅನ್ನಿಸೋದು ಅದಕ್ಕೇ. ನಿಜವಾಗಲೂ ಸ್ವಲ್ಪ ಬೆಳಕು ಒಳಗಿನಿಂದಲೇ ಬರ್ತಾ ಇರತ್ತೆ.

ಪದರಗಳು ತೆಳ್ಳಗೆ, ಸಮವಾಗಿ ಇದ್ದಷ್ಟೂ ಹೊಳಪು ಚೂಪು. ನೀರು ತಣ್ಣಗಿದ್ದಾಗ ಸಿಂಪಿ ನಿಧಾನವಾಗಿ ಪದರ ಕಟ್ಟತ್ತೆ, ಪದರ ತೆಳ್ಳಗಾಗತ್ತೆ. ಜಪಾನಿನವರು ಅಕೋಯಾ ಮುತ್ತನ್ನು ಚಳಿಗಾಲದಲ್ಲಿ ಹೊರತೆಗೆಯೋದಕ್ಕೆ ಇದೇ ಕಾರಣ.

ಒಳಗೆ ಏನಿದೆ?

ಇವತ್ತು ಅಂಗಡಿಯಲ್ಲಿ ಸಿಗೋ ಮುತ್ತುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಲ್ಚರ್ಡ್, ಅಂದರೆ ಕೃಷಿ ಮಾಡಿ ಬೆಳೆಸಿದವು. ಸುಳ್ಳು ಮುತ್ತಲ್ಲ, ಸಿಂಪಿಯೇ ಮಾಡಿದ್ದು. ಶುರು ಮಾಡಿಕೊಟ್ಟದ್ದು ಮಾತ್ರ ಮನುಷ್ಯ. ಜಪಾನಿನ ಮಿಕಿಮೊಟೊ ಕೊಕಿಚಿ 1893ರಲ್ಲಿ ಅರ್ಧಗೋಳದ ಮುತ್ತು ಬೆಳೆಸಿದರು. ದುಂಡು ಮುತ್ತಿನ ವಿಧಾನ ಅದಾದ ಮೇಲೆ ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಬಂತು.

ಅಕೋಯಾ ಸಿಂಪಿಯೊಳಗೆ ಒಂದು ದುಂಡನೆಯ ಮಣಿ ಇಡ್ತಾರೆ, ಜೊತೆಗೆ ಇನ್ನೊಂದು ಸಿಂಪಿಯ ಅಂಗಾಂಶದ ಚೂರು. ಆ ಮಣಿಯನ್ನು ಬಹುಕಾಲದಿಂದ ಮಾಡ್ತಾ ಬಂದಿರೋದು ಅಮೆರಿಕದ ಮಿಸಿಸಿಪಿ ನದಿ ಸೀಮೆಯ ಕಪ್ಪೆಚಿಪ್ಪಿನಿಂದ. ಅಂದರೆ ಜಪಾನಿನ ಮುತ್ತಿನ ಹೊಟ್ಟೆಯಲ್ಲಿ ಅಮೆರಿಕದ ನದಿಯ ಚಿಪ್ಪು ಇರಬಹುದು. ಮಣಿಯ ಸುತ್ತ ಎಷ್ಟು ದಪ್ಪ ಪದರ ಬೆಳೀತು ಅನ್ನೋದು ಸಿಂಪಿಯನ್ನು ಎಷ್ಟು ಕಾಲ ನೀರಲ್ಲಿ ಬಿಟ್ಟರು ಅನ್ನೋದರ ಮೇಲಿದೆ. ಬೇಗ ತೆಗೆದರೆ ಖರ್ಚು ಕಡಿಮೆ, ಮುತ್ತೂ ದುಂಡಗೆ ಸಿಗತ್ತೆ, ಯಾಕಂದ್ರೆ ಮಣಿ ದುಂಡಗಿದೆ. ಆದರೆ ಪದರ ತೆಳ್ಳಗೆ. ಕೆಲವೇ ವರ್ಷ ಹಾಕಿಕೊಂಡರೆ ತೂತಿನ ಹತ್ತಿರ ಸಿಪ್ಪೆ ಏಳೋಕೆ ಶುರುವಾಗತ್ತೆ.

ಚೀನಾದ ಸಿಹಿನೀರಿನ ಮುತ್ತುಗಳ ಕಥೆ ಬೇರೆ. ಅವುಗಳಲ್ಲಿ ಬಹುಪಾಲಿಗೆ ಮಣಿ ಇಡೋದೇ ಇಲ್ಲ, ಅಂಗಾಂಶದ ಚೂರು ಮಾತ್ರ. ಹಾಗಾಗಿ ಆಕಾರ ಅಷ್ಟು ದುಂಡಗೆ ಬರದಿದ್ದರೂ ಒಳಗಿನಿಂದ ಹೊರಗಿನವರೆಗೆ ಪೂರ್ತಿ ಮುತ್ತಿನ ಪದರವೇ. ಕಡಿಮೆ ಬೆಲೆಯ ಸಿಹಿನೀರಿನ ಸರ ಬಾಳಿಕೆಯಲ್ಲಿ ದುಬಾರಿ ಸರವನ್ನು ಮೀರಿಸೋದುಂಟು.

ಮೂರು ಎ ಯಾರು ಕೊಟ್ಟದ್ದು?

ಈಗ ‘ಎಎಎ’ಗೆ ಬರೋಣ. ವಜ್ರಕ್ಕೆ ಒಂದು ಸಾಮಾನ್ಯ ಅಳತೆ ಇದೆ. ಜಿಐಎ, ಅಂದರೆ ಜೆಮಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕ, 1950ರ ದಶಕದಲ್ಲಿ ವಜ್ರದ ಬಣ್ಣಕ್ಕೆ ಡಿ ಯಿಂದ ಝಡ್‌ವರೆಗಿನ ಅಳತೆಗೋಲು ತಂದಿತು. ಇವತ್ತು ಜಗತ್ತೆಲ್ಲಾ ಅದನ್ನು ಬಳಸತ್ತೆ. ಮುತ್ತಿಗೆ ಅಂಥದ್ದೊಂದು ಎಲ್ಲರೂ ಒಪ್ಪಿದ ‘ಎ, ಎಎ, ಎಎಎ’ ಅಳತೆ ಇಲ್ಲ. ಒಂದು ಅಂಗಡಿಯ ಎಎಎ ಇನ್ನೊಂದು ಅಂಗಡಿಯ ಎ ಆಗಿರಬಹುದು. ಕೆಲವರು ನಾಲ್ಕು ಎ ಕೂಡ ಬರೀತಾರೆ. ಪ್ರಶ್ನೆಪತ್ರಿಕೆ ಬರೆದವರೇ, ತಮ್ಮ ಮನೆ ಹುಡುಗನಿಗೆ ತಾವೇ ಮಾರ್ಕ್ಸ್ ಹಾಕಿದ ಹಾಗೆ. ಪ್ರಾಮಾಣಿಕ ವ್ಯಾಪಾರಿಗಳು ತಮ್ಮ ಅಂಗಡಿಯೊಳಗೆ ಒಂದೇ ಅಳತೆ ಪಾಲಿಸ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಆ ಅಕ್ಷರ ಅಂಗಡಿಯ ಬಾಗಿಲು ದಾಟಿದ ಮೇಲೆ ಅರ್ಥ ಕಳೆದುಕೊಳ್ಳತ್ತೆ. ಜೊತೆಗೆ ಸಿಹಿನೀರಿನ ಎಎಎ, ಅಕೋಯಾದ ಎಎಎ ಇವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸೋಕೂ ಆಗಲ್ಲ.

ಜಿಐಎ ಮುತ್ತಿಗೆ ಒಂದೇ ಅಕ್ಷರ ಕೊಡೋದಿಲ್ಲ. ಏಳು ವಿಷಯಗಳನ್ನು ಬೇರೆ ಬೇರೆಯಾಗಿ ನೋಡತ್ತೆ: ಗಾತ್ರ, ಆಕಾರ, ಬಣ್ಣ, ಹೊಳಪು, ಮೇಲ್ಮೈ, ಮುತ್ತಿನ ಪದರದ ಗುಣ, ಮತ್ತು ಸರದಲ್ಲಿ ಒಂದಕ್ಕೊಂದು ಹೊಂದಿಕೆ. ಇದರಲ್ಲಿ ತಿಳಿವಳಿಕೆ ಇದೆ. ಯಾಕಂದ್ರೆ ಒಂದು ಮುತ್ತು ಆಕಾರದಲ್ಲಿ ಸೋತು ಹೊಳಪಿನಲ್ಲಿ ಗೆಲ್ಲಬಹುದು. ಎಲ್ಲವನ್ನೂ ಒಂದೇ ಅಕ್ಷರಕ್ಕೆ ಅದುಮಿದರೆ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಅನ್ನೋದು ಮುಚ್ಚಿಹೋಗತ್ತೆ. ಪರೀಕ್ಷೆಯ ಒಟ್ಟು ಮಾರ್ಕ್ಸ್ ನೋಡಿದರೆ ಗಣಿತ ಬಂತೋ ಕನ್ನಡ ಬಂತೋ ಗೊತ್ತಾಗಲ್ಲವಲ್ಲ, ಹಾಗೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ಒಡವೆ ಮಾರ್ಗಸೂಚಿಗಳು ಇನ್ನೊಂದು ವಿಷಯ ಸ್ಪಷ್ಟವಾಗಿ ಹೇಳ್ತವೆ. ಬರೀ ‘ಪರ್ಲ್’ ಅಂತ ಬರೆದರೆ ಅದು ನೈಸರ್ಗಿಕ ಮುತ್ತೇ ಆಗಿರಬೇಕು. ಬೆಳೆಸಿದ್ದಾದರೆ ‘ಕಲ್ಚರ್ಡ್’, ನಕಲಿಯಾದರೆ ‘ಇಮಿಟೇಷನ್’ ಅಂತ ಕಾಣೋ ಹಾಗೆ ಹೇಳಬೇಕು. ಆದರೆ ಅವೂ ಎಎಎ ಅಂದರೆ ಏನು ಅಂತ ಹೇಳೋದಿಲ್ಲ. ಆದ್ದರಿಂದ ಬಿಲ್ಲಿನ ಮೇಲೆ ಎ ಎಷ್ಟಿದೆ ಅಂತ ಎಣಿಸೋದಕ್ಕಿಂತ, ಯಾವ ಜಾತಿಯ ಮುತ್ತು, ಬೆಳೆಸಿದ್ದೋ ನೈಸರ್ಗಿಕವೋ, ಬಣ್ಣ ಹಾಕಿದೆಯೋ ಇಲ್ಲವೋ ಅಂತ ಬರೆಸಿಕೊಳ್ಳೋದು ಮುಖ್ಯ.

ನ್ಯೂಜೆರ್ಸಿಯ ಹಳ್ಳ, ನ್ಯೂಯಾರ್ಕಿನ ಮನೆ

ನ್ಯೂಜೆರ್ಸಿ, ನ್ಯೂಯಾರ್ಕಿನ ನಮ್ಮವರಿಗೆ ಎರಡು ಹಳೇ ಕಥೆ ಹೇಳಬೇಕು. ಎರಡೂ ನಿಮ್ಮ ಮನೆ ಹತ್ತಿರವೇ ನಡೆದದ್ದು.

ಮೊದಲನೆಯದು 1857ರದ್ದು. ಎಡಿಸನ್ನಿನಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಪ್ಯಾಟರ್ಸನ್ ಊರಿನ ಹತ್ತಿರ ನಾಚ್ ಬ್ರೂಕ್ ಅಂತ ಒಂದು ಹಳ್ಳ. ಡೇವಿಡ್ ಹಾವೆಲ್ ಅನ್ನೋ ಚಪ್ಪಲಿ ಹೊಲಿಯುವವರು ಆಗಾಗ ಅಲ್ಲಿಂದ ಕಪ್ಪೆಚಿಪ್ಪು ಹೆಕ್ಕಿ ತಂದು ಹುರಿದು ತಿನ್ನೋರು. ಒಂದು ದಿನ ಊಟದ ನಡುವೆ ಹಲ್ಲಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ನೋಡಿದರೆ ದೊಡ್ಡದೊಂದು ದುಂಡು ಮುತ್ತು. ತೂಕ ನಾನೂರು ಗ್ರೇನ್ ಹತ್ತಿರ. ಮುತ್ತಿನ ಲೆಕ್ಕದಲ್ಲಿ ಒಂದು ಗ್ರೇನ್ ಅಂದರೆ 50 ಮಿಲಿಗ್ರಾಂ. ಆದರೆ ಎಣ್ಣೆ, ಬೆಂಕಿಯಲ್ಲಿ ಹುರಿದು ಅದರ ಹೊಳಪೆಲ್ಲ ಹಾಳಾಗಿತ್ತು. ಪದರಗಳ ನಡುವಿನ ಆ ತೆಳ್ಳನೆಯ ಪ್ರೋಟೀನು ಬಿಸಿ ತಡೆಯಲ್ಲ.

ಕೆಲವೇ ದಿನಗಳಲ್ಲಿ ಜೇಕಬ್ ಕ್ವಾಕೆನ್‌ಬುಷ್ ಅನ್ನೋರಿಗೆ ಅದೇ ಹಳ್ಳದಲ್ಲಿ 93 ಗ್ರೇನ್‌ನ ಗುಲಾಬಿ ಮುತ್ತು ಸಿಕ್ಕಿತು. ನ್ಯೂಯಾರ್ಕಿನ ಚಾರ್ಲ್ಸ್ ಟಿಫಾನಿ ಅದನ್ನು 1,500 ಡಾಲರಿಗೆ ಕೊಂಡರು. ಕೊನೆಗೆ ಅದು ಫ್ರಾನ್ಸಿನ ಸಾಮ್ರಾಜ್ಞಿ ಯೂಜೀನಿಯ ಕೈ ಸೇರಿತು. ಸುದ್ದಿ ಹರಡಿ ಜನ ಹಳ್ಳಕ್ಕೆ ಮುಗಿಬಿದ್ದರು, ಸಾವಿರಾರು ಚಿಪ್ಪು ಒಡೆದರು. ಮುತ್ತು ಸಿಕ್ಕಿದ್ದು ಕೆಲವರಿಗೆ, ಸತ್ತದ್ದು ಹಳ್ಳದ ಚಿಪ್ಪುಗಳೆಲ್ಲ. ಟಿಫಾನಿ ಕಂಪನಿಯ ರತ್ನ ತಜ್ಞ ಜಾರ್ಜ್ ಫ್ರೆಡರಿಕ್ ಕುಂಜ್ ಮತ್ತು ಚಾರ್ಲ್ಸ್ ಸ್ಟೀವನ್‌ಸನ್ 1908ರಲ್ಲಿ ಮುತ್ತಿನ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಈ ಕಥೆಯನ್ನು ದಾಖಲಿಸಿದ್ದಾರೆ.

ಎರಡನೆಯದು 1917ರದ್ದು. ಮ್ಯಾನ್‌ಹಟನ್‌ನ ಫಿಫ್ತ್ ಅವೆನ್ಯೂ, 52ನೇ ಬೀದಿಯ ಮೂಲೆಯಲ್ಲಿ ಮಾರ್ಟನ್ ಪ್ಲಾಂಟ್ ಅನ್ನೋ ಶ್ರೀಮಂತರ ಮಹಲು. ಅವರ ಪತ್ನಿ ಮೇಸಿ ಪ್ಲಾಂಟ್ ಅವರಿಗೆ ಪಿಯರ್ ಕಾರ್ಟಿಯೆ ಅವರ ಬಳಿ ಇದ್ದ ಎರಡೆಳೆಯ ನೈಸರ್ಗಿಕ ಮುತ್ತಿನ ಸರದ ಮೇಲೆ ಆಸೆ. ಸರದ ಬೆಲೆ ಹತ್ತು ಲಕ್ಷ ಡಾಲರ್. ಒಪ್ಪಂದ ಆಯ್ತು: ಸರ ಮತ್ತು ನೂರು ಡಾಲರಿಗೆ ಇಡೀ ಮಹಲು ಕಾರ್ಟಿಯೆಯದ್ದಾಯಿತು. ಇವತ್ತಿಗೂ ಅಲ್ಲಿ ಅವರದೇ ಅಂಗಡಿ. ಮೇಸಿ ತೀರಿಕೊಂಡ ಮೇಲೆ, 1957ರಲ್ಲಿ ಅದೇ ಸರ ಹರಾಜಾದಾಗ ಬಂದದ್ದು ಸುಮಾರು ಒಂದೂವರೆ ಲಕ್ಷ ಡಾಲರ್. ಯಾಕೆ? ನಡುವೆ ಕಲ್ಚರ್ಡ್ ಮುತ್ತು ಮಾರುಕಟ್ಟೆ ತುಂಬಿತ್ತು. ಮುತ್ತು ಅದೇ ಮುತ್ತು. ಬದಲಾದದ್ದು ಅದರ ಅಪರೂಪ.

ಈ ಎರಡು ಕಥೆ ಹೇಳಿದ್ದು ಸುಮ್ಮನೆ ಅಲ್ಲ. ಗುಣ ಬೇರೆ, ಬೆಲೆ ಬೇರೆ ಅಂತ ಎರಡನೆಯದು ಹೇಳತ್ತೆ. ಏನು ಕೈಯಲ್ಲಿದೆ ಅಂತ ತಿಳಿಯೋ ಮೊದಲೇ ಒಲೆಗೆ ಹಾಕಬೇಡಿ ಅಂತ ಮೊದಲನೆಯದು ಹೇಳತ್ತೆ. ‘ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು’ ಅಂತ ನಮ್ಮ ಹಿರಿಯರು ಹೇಳ್ತಿದ್ದದ್ದೂ ಇದನ್ನೇ.

ಅಂಗಡಿಯಲ್ಲಿ ನೀವೇ ನೋಡಬಹುದಾದದ್ದು

ಓಕ್ ಟ್ರೀ ರೋಡಿಗೆ ಹೋಗಿ, 47ನೇ ಬೀದಿಗೆ ಹೋಗಿ, ಎಲ್ಲಿ ಹೋದರೂ ಈ ಕೆಲಸಗಳನ್ನು ಮಾಡಿ.

ಸರವನ್ನು ಕಪ್ಪು ವೆಲ್ವೆಟ್ ಮೇಲಿಂದ ಎತ್ತಿ ಬಿಳಿ ಬಟ್ಟೆಯ ಮೇಲೆ ಇಡಿಸಿ. ಸಾಧ್ಯವಾದರೆ ಕಿಟಕಿಯ ಹತ್ತಿರ ತನ್ನಿ. ಅಂಗಡಿಯ ಪ್ರಖರ ದೀಪದ ಕೆಳಗೆ ಎಲ್ಲವೂ ಚೆನ್ನಾಗೇ ಕಾಣತ್ತೆ.

ಮುತ್ತಿನ ಮೇಲೆ ಕಿಟಕಿಯ ಅಥವಾ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಅಂಚು ಗೆರೆ ಎಳೆದ ಹಾಗೆ ಸ್ಪಷ್ಟವಾಗಿದ್ದರೆ ಹೊಳಪು ಚೆನ್ನಾಗಿದೆ. ಮಬ್ಬಾಗಿ, ಹಿಟ್ಟು ಬಳಿದ ಹಾಗಿದ್ದರೆ ಹೊಳಪು ಕಡಿಮೆ. ಏಳು ಗುಣಗಳಲ್ಲಿ ಒಂದನ್ನೇ ನೋಡೋಕೆ ಸಮಯ ಇದ್ದರೆ ಇದನ್ನು ನೋಡಿ.

ಸರವನ್ನು ಸಮತಟ್ಟಾದ ಮೇಜಿನ ಮೇಲೆ ನಿಧಾನವಾಗಿ ಉರುಳಿಸಿ. ಕುಂಟುತ್ತಾ ಉರುಳಿದರೆ ದುಂಡಗಿಲ್ಲ. ಉರುಳುವಾಗ ಕೆಲವು ಮುತ್ತು ಒಮ್ಮೆ ಬೆಳಗಿ ಒಮ್ಮೆ ಕಪ್ಪಾಗಿ ಕಣ್ಣು ಮಿಟುಕಿಸಿದ ಹಾಗೆ ಕಂಡರೆ ಎಚ್ಚರ. ಒಳಗಿನ ಮಣಿಯ ಗೆರೆಗಳು ಹೊರಗೆ ಕಾಣ್ತಿವೆ ಅಂದರೆ ಮೇಲಿನ ಪದರ ತೀರಾ ತೆಳ್ಳಗಿದೆ.

ಹತ್ತು ಪಟ್ಟು ದೊಡ್ಡದು ಮಾಡೋ ಭೂತಗನ್ನಡಿ ಕೇಳಿ, ತೂತಿನ ಬಾಯಿ ನೋಡಿ. ಮಣಿ ಎಲ್ಲಿ ಮುಗಿದು ಪದರ ಎಲ್ಲಿ ಶುರುವಾಗತ್ತೆ ಅನ್ನೋ ಗೆರೆ ಕೆಲವೊಮ್ಮೆ ಅಲ್ಲೇ ಕಾಣತ್ತೆ. ಬಣ್ಣ ಹಾಕಿದ್ದರೆ ಅದು ತೂತಿನ ಸುತ್ತ ಗಾಢವಾಗಿ ನಿಂತಿರತ್ತೆ.

ಮುತ್ತನ್ನು ಹಲ್ಲಿಗೆ ಉಜ್ಜಿ ನೋಡೋ ಹಳೇ ಪರೀಕ್ಷೆ ಇದೆಯಲ್ಲ, ಸಿಂಪಿಯ ಮುತ್ತು ತುಸು ತರಿತರಿ ಅನ್ನಿಸತ್ತೆ, ಪ್ಲಾಸ್ಟಿಕ್ ನುಣುಪಾಗಿರತ್ತೆ. ಆದರೆ ಅದು ನಕಲಿಯನ್ನು ಮಾತ್ರ ಹಿಡಿಯತ್ತೆ. ನೈಸರ್ಗಿಕವೋ ಬೆಳೆಸಿದ್ದೋ ಅಂತ ಹಲ್ಲಿಗೆ ಗೊತ್ತಾಗಲ್ಲ.

ಅದನ್ನು ಹೇಳೋದು ಎಕ್ಸ್-ರೇ. ನೈಸರ್ಗಿಕ ಮುತ್ತಿನೊಳಗೆ ಈರುಳ್ಳಿಯ ಹಾಗೆ ಸುತ್ತು ಸುತ್ತಿನ ಗೆರೆಗಳು ಕಾಣ್ತವೆ. ಮಣಿ ಇಟ್ಟಿದ್ದರೆ ಮಣಿಯ ಅಂಚು ಕಾಣತ್ತೆ. ಬರೀ ಅಂಗಾಂಶ ಇಟ್ಟಿದ್ದರೆ ನಡುವೆ ಸೊಟ್ಟನೆಯ ಪೊಳ್ಳು ಗೆರೆ ಕಾಣತ್ತೆ. 47ನೇ ಬೀದಿಯಲ್ಲಿ ಜಿಐಎಯ ಲ್ಯಾಬ್ ಇದೆ, ಬೇರೆ ಸ್ವತಂತ್ರ ಪರೀಕ್ಷಕರೂ ಇದ್ದಾರೆ. ಮಾರುವವರಲ್ಲದ, ಕೊಳ್ಳುವವರೂ ಅಲ್ಲದ ಒಬ್ಬರ ಕೈಲಿ ಪರೀಕ್ಷೆ ಆಗಬೇಕು ಅನ್ನೋದು ಇಲ್ಲಿನ ಸೂತ್ರ.

ಅವ್ವನ ಸರ

ನಾನು ಆ ಕೇಳುಗರಿಗೆ ಹೇಳಿದ್ದು ಒಂದೇ ಮಾತು: ‘ಕೊಡೋದು ಬಿಡೋದು ಆಮೇಲೆ. ಮೊದಲು ಎಕ್ಸ್-ರೇ ಮಾಡಿಸಿ.’ ಅಜ್ಜಿಯ ಕಾಲದ ಹೈದರಾಬಾದಿನ ವ್ಯಾಪಾರಕ್ಕೆ ಕೊಲ್ಲಿ ದೇಶಗಳ ನೈಸರ್ಗಿಕ ಮುತ್ತು ಬರ್ತಿತ್ತು. ನಮ್ಮಲ್ಲಿ ಬಸ್ರಾ ಮುತ್ತು ಅಂತ ಕರೀತಾ ಇದ್ದದ್ದು ಅದನ್ನೇ. ನೈಸರ್ಗಿಕ ಮುತ್ತು ಸಣ್ಣದಾಗಿರೋದು, ಒಂದರಂತೆ ಒಂದಿಲ್ಲದಿರೋದು ಸಹಜ. ಅಂಗಡಿಯವರು ತಪ್ಪು ಅಂತ ಎಣಿಸಿದ ಗುಣಗಳೇ ಇಲ್ಲಿ ಸುಳಿವು.

ಮೂರು ವಾರ ಆದ ಮೇಲೆ ಅವರ ಫೋನ್ ಬಂತು. ಬಹುಪಾಲು ಮುತ್ತು ನೈಸರ್ಗಿಕ, ಉಪ್ಪುನೀರಿನವು. ಮೂರನೇ ಎಳೆಯಲ್ಲಿ ಏಳು ಮಾತ್ರ ಕಲ್ಚರ್ಡ್. ಬಹುಶಃ ಯಾವಾಗಲೋ ದಾರ ಹರಿದು ಕೆಲವು ಕಳೆದಾಗ ಹೊಸವು ಪೋಣಿಸಿರಬೇಕು. ‘ಆ ಏಳು ನೋಡಿದ್ರ ನಮ್ಮ ಅವ್ವ ಬೈಸ್ಕೊಂಡಿದ್ದು ನೆನಪಾತ್ರೀ. ನಾ ಸಣ್ಣಾಕಿ ಇದ್ದಾಗ ಎಳದು ಹರದಾಕಿ ನಾನಾ. ಅಜ್ಜಿ ಬೈದಿದ್ದು ಅಕಿಗೆ’ ಅಂದರು. ಸ್ವಲ್ಪ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ.

ಒಂದು ವಿಷಯ ಇಲ್ಲಿ ನೇರವಾಗಿ ಹೇಳಬೇಕು. ನೈಸರ್ಗಿಕ ಅಂದ ಕೂಡಲೇ ಕೋಟಿ ಬೆಲೆ ಅಲ್ಲ. ಸಣ್ಣ, ಹೊಂದಿಕೆಯಿಲ್ಲದ ಹಳೇ ಮುತ್ತಿಗೆ ಮಾರುಕಟ್ಟೆಯಲ್ಲಿ ಸಾಧಾರಣ ಬೆಲೆಯೇ ಬರಬಹುದು. ಆದರೆ ನೂರು ಡಾಲರಿಗಿಂತ ಎಷ್ಟೋ ಮೇಲು ಅಂತ ಪರೀಕ್ಷಕರು ಅವರಿಗೆ ಹೇಳಿದರು. ಅದಕ್ಕಿಂತ ಹೆಚ್ಚಾಗಿ, ಒಮ್ಮೆ ಕೊಟ್ಟುಬಿಟ್ಟಿದ್ದರೆ ಆ ಸರ ಮತ್ತೆ ಸಿಗ್ತಿರಲಿಲ್ಲ.

ಅವರು ಎಕ್ಸ್‌ಚೇಂಜ್ ಮಾಡಲಿಲ್ಲ. ಸರವನ್ನು ಹೊಸ ರೇಷ್ಮೆ ದಾರದಲ್ಲಿ ಪೋಣಿಸಿ, ಮುತ್ತು ಮುತ್ತಿಗೂ ನಡುವೆ ಗಂಟು ಹಾಕಿಸಿದರು. ದಾರ ಹರಿದರೂ ಎಲ್ಲಾ ಚೆಲ್ಲಿ ಹೋಗಬಾರದಲ್ಲ. ಏಳು ಕಲ್ಚರ್ಡ್ ಮುತ್ತನ್ನೂ ಅಲ್ಲೇ ಉಳಿಸಿಕೊಂಡರು. ಮಗಳಿಗೆ ಬೇರೆ ಅಂಗಡಿಯಲ್ಲಿ, ಕಿಟಕಿ ಹತ್ತಿರ ಹಿಡಿದು, ಮೇಜಿನ ಮೇಲೆ ಉರುಳಿಸಿ, ಒಂದು ಸಿಹಿನೀರಿನ ಸರ ಆರಿಸಿದರು. ಚೀಟಿಯ ಮೇಲೆ ಒಂದೇ ಒಂದು ಎ ಇತ್ತಂತೆ. ಮೂರು ಎ ಸರದ ಅರ್ಧ ಬೆಲೆಯೂ ಇರಲಿಲ್ಲ.

ಕೊನೆಗೆ, ಮನೆಯಲ್ಲಿ ಮುತ್ತಿರೋರಿಗೆ ಎರಡು ಮಾತು. ಮುತ್ತು ಮೆತ್ತನೆಯ ರತ್ನ, ಮೇಲಾಗಿ ಸುಣ್ಣದ್ದು. ಹುಳಿ ತಾಗಿದರೆ ಕರಗತ್ತೆ. ಹಿತ್ತಾಳೆ ಪಾತ್ರೆ ಬೆಳಗೋ ಹಾಗೆ ಹುಣಸೆಹಣ್ಣು, ನಿಂಬೆಹಣ್ಣಿನಲ್ಲಿ ಯಾವತ್ತೂ ತೊಳೀಬೇಡಿ. ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರಕ್ಕೂ ಹಾಕಿಸಬೇಡಿ. ಸೆಂಟು, ಹೇರ್‌ಸ್ಪ್ರೇ ಎಲ್ಲಾ ಮುಗಿದ ಮೇಲೆ ಮುತ್ತು ಹಾಕಿಕೊಳ್ಳಿ, ಮನೆಗೆ ಬಂದ ಕೂಡಲೇ ಮೊದಲು ಮುತ್ತು ತೆಗೆಯಿರಿ. ತುಸು ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಲ್ಲಿ ಬೆವರು ಒರೆಸಿ, ಚಿನ್ನ, ವಜ್ರದ ಜೊತೆ ಸೇರಿಸದೆ ಬೇರೆ ಬಟ್ಟೆಯ ಚೀಲದಲ್ಲಿಡಿ. ಅಷ್ಟು ಮಾಡಿದರೆ ಸಾಕು, ಮೊಮ್ಮಕ್ಕಳವರೆಗೂ ಬಾಳತ್ತೆ.

ನಿಮ್ಮ ಮನೆಯಲ್ಲೂ ಅಜ್ಜಿಯ ನತ್ತು, ಬುಗುಡಿ, ಹಳೇ ಮುತ್ತಿನ ಸರ ಇದ್ದರೆ, ಅದು ಎಲ್ಲಿಂದ ಬಂತು ಅನ್ನೋ ಕಥೆಯನ್ನು ಇವತ್ತೇ ಮನೆಯ ಹಿರಿಯರಲ್ಲಿ ಕೇಳಿ ಬರೆದಿಡಿ. ಲ್ಯಾಬಿನ ವರದಿಯಲ್ಲಿ ಅದು ಸಿಗೋದಿಲ್ಲ.